ಲೋಕಮ್ಮನ ನಾಲ್ಕು ಮೊಮ್ಮಕ್ಕಳು

ನವೆಂಬರ್ 30, ಶನಿವಾರ

ಬಂತು, ಬಂತು, ಕೊನೆಗೂ ಬಂತು! ದೂರ ಶಿಕ್ಷಣದ ಬಿ.ಎ. ಕೊನೆಯ ವರ್ಷದ ಪುಸ್ತಕಗಳ ಕಟ್ಟು. ಫೀಸು ಕಟ್ಟಿ ಒಂದು ಮಳೆಗಾಲವೇ ಕಳೆದಿತ್ತು, ಇನ್ನು ಬರುವುದೇ ಇಲ್ಲವೇನೋ ಅಂದುಕೊಂಡಿದ್ದೆ. ಪೋಸ್ಟ್‌ಮ್ಯಾನ್ ಅದನ್ನು ಕಟ್ಟೆಯ ಮೇಲೆ ಧೊಪ್ಪೆಂದು ಇಳಿಸಿ, "ಏನ್ ಮೇಡಮ್ಮೋರೆ, ಇಟ್ಟಿಗಿ ತರ್ಸೀರೇನ್ರಿ?" ಎಂದರು. ಉತ್ತರ ಕೊಡುವಷ್ಟು ತಾಳ್ಮೆ ನನಗೆಲ್ಲಿ? ದಾರವನ್ನು ಹಲ್ಲಿನಲ್ಲೇ ಕಚ್ಚಿ ಬಿಚ್ಚಿದೆ. ನೀಲಿ ರಟ್ಟಿನ ನಾಲ್ಕು ಪುಸ್ತಕ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಒಂದೊಂದನ್ನೂ ಮೂಸಿ ನೋಡಿದೆ. ನಮ್ಮವರು, "ಲೇ ವಾಣಿ, ಓದ್ತೀಯೋ ತಿಂತೀಯೋ?" ಎಂದು ನಕ್ಕರು. ನಗಲಿ ಬಿಡು. ತಿಪ್ಪೇಶ ಎನ್ನುವ ಈ ಮನುಷ್ಯ ಗೂಡ್ಸ್ ಆಟೋ ಕೆಟ್ಟು ದಾರಿಯಲ್ಲಿ ನಿಂತರೂ ನಗುವ ಗಿರಾಕಿ.

ಅವರಿಗೆ ಗೊಬ್ಬರದ ಅಂಗಡಿಯವರು ಕೊಟ್ಟಿದ್ದ ಡೈರಿ ಖಾಲಿ ಬಿದ್ದಿತ್ತು. ಇವತ್ತಿನಿಂದ ಇದು ನನ್ನದು. ಓದಿನ ಮಾತಾಡಲು ಈ ಬಳ್ಳಿಗಾವಿಯಲ್ಲಿ ನನಗೆ ಇನ್ಯಾರಿದ್ದಾರೆ?

ನಮ್ಮ ಶಾಲೆಯ ಹೆಡ್ ಮೇಡಂ ರಮಾಬಾಯಿಯವರಿಗೂ ಫೋನ್ ಮಾಡಿ ಹೇಳಿದೆ. ಶಿರಾಳಕೊಪ್ಪದ ಈ ಕಾನ್ವೆಂಟಿನಲ್ಲಿ ನಾನು ಎಲ್‌ಕೆಜಿ ಮಿಸ್. ಓದಿದ್ದು ಪಿಯುಸಿ. ಕಾಲೇಜು ಸೇರಿದ ವರ್ಷವೇ ಮದುವೆಯಾಗಿ, ನಮ್ಮ ನೆಂಟರ ಬಾಯಲ್ಲಿ 'ಅರ್ಧ ಬಿ.ಎ.' ಆದವಳು. ರಮಾಬಾಯಿ ಮೇಡಂ ಮೊನ್ನೆ ಕರೆದು ಹೇಳಿದ್ದರು: "ವಾಣಿ, ಮಕ್ಕಳಿಗೆ ನಿನ್ನ ಕಂಡ್ರೆ ಪ್ರಾಣ. ಆದ್ರೆ ಮ್ಯಾನೇಜ್‌ಮೆಂಟ್‌ನೋರು ಡಿಗ್ರಿ ಕೇಳ್ತಾ ಇದಾರೆ. ಕೊನೇ ವರ್ಷದ ಹಾಲ್ ಟಿಕೆಟ್ ತೋರ್ಸಿದ್ರೆ ಜೂನ್‌ನಿಂದ ನೀನು ಮಿಸ್. ಇಲ್ಲಾಂದ್ರೆ ಆಯಾ ಕೆಲ್ಸ." ಆಯಾ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ನಾನು 'ಅ ಆ' ಕಲಿಸಿದ ಮಕ್ಕಳ ಮೂಗು ಒರೆಸುತ್ತಾ ಬಾಗಿಲಲ್ಲಿ ನಿಂತು, ಒಳಗೆ ಬೇರೆ ಯಾರೋ ಕಲಿಸುವುದನ್ನು ನೋಡಲು ನನ್ನಿಂದಾಗದು. ಹಾಲ್ ಟಿಕೆಟ್ ತೆಗೆದುಕೊಂಡೇ ತೀರುತ್ತೇನೆ!

ಡಿಸೆಂಬರ್ 5

ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ದೂರ ಶಿಕ್ಷಣವೂ ಹಾಗೆಯೇ.

ಇವತ್ತು ಅರ್ಥಶಾಸ್ತ್ರ ಶುರು ಮಾಡಿದೆ. 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಅಂತೆ. ಹೇಳುವಷ್ಟರಲ್ಲಿ ನಾಲಿಗೆ ಉಳುಕಿತು. ಪುಸ್ತಕದಲ್ಲಿ ಅರ್ಥವಾಗದೆ ವಿಡಿಯೋ ಹಾಕಿದೆ. ಶಿಕಾರಿಪುರದ ನಮ್ಮ ಅಧ್ಯಯನ ಕೇಂದ್ರದ ಶಿವರಾಮ ಸರ್ ಒಬ್ಬರೇ ನಾಲ್ಕೂ ವಿಷಯದ ಪಾಠ ಮಾಡುತ್ತಾರೆ. ಹಿಂದೆ ಹಸಿರು ಗೋಡೆ, ತಲೆಯ ಮೇಲೆ ಟ್ಯೂಬ್‌ಲೈಟ್. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಅರ್ಥವಾಯಿತಲ್ಲವೇ?" ಎಂದು ಕೇಳಿ, ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಾ ನಿಂತರು.

"ಇಲ್ಲ ಸಾರ್!" ಎಂದು ಕೂಗಿದೆ.

"ಸಂತೋಷ. ಮುಂದಿನ ಭಾಗಕ್ಕೆ ಹೋಗೋಣ" ಎಂದು ಅವರು ಹೊರಟೇ ಹೋದರು. ಅಡುಗೆಮನೆಯಿಂದ ಅತ್ತೆ ಶೇಷಮ್ಮ, "ಯಾರವ್ವಾ ಬಂದಿದ್ದು?" ಎಂದು ಇಣುಕಿದರು. ಏನೆಂದು ಹೇಳಲಿ?

ಕೇಂದ್ರಕ್ಕೆ ಫೋನ್ ಮಾಡಿದರೆ ಗಂಟೆ ಹೊಡೆದುಕೊಳ್ಳುತ್ತದೆ, ಎತ್ತುವವರಿಲ್ಲ. ಸಂಪರ್ಕ ತರಗತಿ ಕೇಳಿದರೆ, ಬರುವವರು ಕಡಿಮೆ ಅಂತ ಹೋದ ವರ್ಷವೇ ನಿಲ್ಲಿಸಿದ್ದಾರೆ. ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಶ್ನೆ ಹಾಕಿದೆ. ಯಾರೋ ಗುಲಾಬಿ ಹೂವಿನ ಜೊತೆ ಶುಭ ಸಂಜೆ ಕಳಿಸಿದರು, ಅದಕ್ಕೆ ಹದಿನೈದು ಜನ ಕೈಮುಗಿದರು. ನನ್ನ ಎಲ್‌ಕೆಜಿ ಮಕ್ಕಳೇ ಪುಣ್ಯವಂತರು. "ಮಿಸ್, ಆನೆ ಯಾಕೆ ಹಾರಲ್ಲ?" ಎಂದು ಕೇಳಿದರೆ ಉತ್ತರ ಹೇಳಲು ನಾನಾದರೂ ಇದ್ದೇನೆ.

ಡಿಸೆಂಬರ್ 9

ಇವತ್ತು ನನ್ನ ಕಾಲು ನೆಲದ ಮೇಲಿಲ್ಲ!

ಶಾಲೆಗೆ ಹೋಗುವ ಬಸ್ಸಿನಲ್ಲಿ ಮಡಿಲ ಮೇಲೆ ನೀಲಿ ಪುಸ್ತಕ ಇಟ್ಟುಕೊಂಡಿದ್ದೆ. ಶಿಕಾರಿಪುರ–ಸೊರಬ ನಡುವೆ ಓಡಾಡುವ ಖಾಸಗಿ ಬಸ್ಸು. ಕಂಡಕ್ಟರ್ ಹುಡುಗ ವಸಂತ ಚಿಲ್ಲರೆ ಕೊಡುತ್ತಾ ಪುಸ್ತಕ ನೋಡಿದವನೇ, "ಅಕ್ಕಾ, ನೀವೂನಾ?" ಎಂದು ಕಣ್ಣರಳಿಸಿದ. ತನ್ನ ಚೀಲದಿಂದ ಅದೇ ಪುಸ್ತಕ ತೆಗೆದು ತೋರಿಸಿದ! ಟಿಕೆಟಿನ ಮಸಿ ಹತ್ತಿ ರಟ್ಟು ಕಪ್ಪಾಗಿತ್ತು. ಡಿಗ್ರಿ ಆದರೆ ಸರ್ಕಾರಿ ಪರೀಕ್ಷೆ ಬರೆಯಬೇಕೆಂಬ ಆಸೆ ಅವನದು. ಅವನ ಬಸ್ಸಿನಲ್ಲೇ ಓಡಾಡುವ ಇನ್ನಿಬ್ಬರು ನಮ್ಮ ತರಗತಿಯವರಂತೆ. ಸೊರಬದಲ್ಲಿ ಬಳೆ, ಕ್ಲಿಪ್ಪು ಮಾರುವ ಫ್ಯಾನ್ಸಿ ಅಂಗಡಿಯ ರೋಜಾ ಒಬ್ಬಳು. ಶಿಕಾರಿಪುರದ ರೈತ ರಾಜಪ್ಪನವರು ಇನ್ನೊಬ್ಬರು. ಅವರಿಗೆ ಐವತ್ತೈದು ವರ್ಷ, ತಲೆಯ ಮೇಲೆ ಕೂದಲೆಂಬುದೇ ಇಲ್ಲ. ಮಗಳ ಮದುವೆ ಕಾರ್ಡಿನಲ್ಲಿ ತಮ್ಮ ಹೆಸರಿನ ಮುಂದೆ ಬಿ.ಎ. ಎಂದು ಅಚ್ಚು ಹಾಕಿಸಬೇಕೆಂದು ಓದುತ್ತಿದ್ದಾರೆ. ಮೂರು ವರ್ಷದಿಂದ ಒಂದೇ ಬಸ್ಸಿನಲ್ಲಿ ಕೂತು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಪುಸ್ತಕ ಓದಿದ್ದೇವೆ, ಎಂಥಾ ಕರ್ಮ ನೋಡಿ.

ಡಿಸೆಂಬರ್ 15, ಭಾನುವಾರ

ತವರುಮನೆ ಕುಪ್ಪಗಡ್ಡೆಯಲ್ಲಿ ಭತ್ತದ ಕೊಯ್ಲು. ಅಜ್ಜಿ ಲೋಕಮ್ಮನಿಗೆ ಎಪ್ಪತ್ತೆಂಟು. ಕುಡುಗೋಲು ಹಿಡಿಯುವುದನ್ನು ಬಿಟ್ಟಿದ್ದಾಳೆ, ಬಾಯಿ ಬಿಟ್ಟಿಲ್ಲ. ನಮ್ಮ ಕಡೆ ಇನ್ನೂ ಮುಯ್ಯಿ ಇದೆ. ಇವತ್ತು ನಮ್ಮ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರುತ್ತೇವೆ. ಕೂಲಿಯ ಮಾತೇ ಇಲ್ಲ. ಮಧ್ಯಾಹ್ನ ಬದುವಿನ ಮೇಲೆ ಕೂತು ಅಂಬಲಿ ಕುಡಿಯುವಾಗ ನನಗೆ ಮಿಂಚು ಹೊಡೆದಂತಾಯಿತು. ಜನವರಿ ಹತ್ತರೊಳಗೆ ನಾಲ್ಕು ವಿಷಯಕ್ಕೂ ಅಸೈನ್‌ಮೆಂಟ್ ಬರೆದು ಕೊಡಬೇಕು, ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಹತ್ತು ಜನರಿಗೆ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ. ನಾವೂ ಮುಯ್ಯಿ ಮಾಡಿದರೆ?

ಬದುವಿನ ಮೇಲಿಂದಲೇ ಮೂವರಿಗೂ ಫೋನ್ ಮಾಡಿದೆ. ನಾನು ಸಮಾಜಶಾಸ್ತ್ರ ಬರೆಯುವುದು, ರೋಜಾ ಅರ್ಥಶಾಸ್ತ್ರ, ವಸಂತ ರಾಜ್ಯಶಾಸ್ತ್ರ, ರಾಜಪ್ಪನವರು ಇತಿಹಾಸ. ಬರೆದದ್ದನ್ನು ಉಳಿದವರು ನೋಡಿ ಬರೆದುಕೊಳ್ಳುವುದು. ರಾಜಪ್ಪನವರಂತೂ, "ಭಾಳ ಚಲೋ ಐಡಿಯಾ ತಾಯಿ! ನೀ ಮಿನಿಸ್ಟ್ರು ಆಗ್ಬೇಕಿತ್ತು" ಎಂದರು. ಖುಷಿಯಲ್ಲಿ ಎರಡು ಲೋಟ ಅಂಬಲಿ ಹೆಚ್ಚು ಕುಡಿದೆ.

ಡಿಸೆಂಬರ್ 27

ಸಮಾಜಶಾಸ್ತ್ರ ಮುಗಿಯಿತು. ಏನು ಬರೆದಿದ್ದೇನೆ ಗೊತ್ತಾ! 'ಗ್ರಾಮ ಸಮಾಜದಲ್ಲಿ ಪರಸ್ಪರ ಸಹಕಾರವನ್ನು ಉದಾಹರಣೆಯೊಂದಿಗೆ ವಿವರಿಸಿ' ಎಂಬ ಪ್ರಶ್ನೆಗೆ ಪುಸ್ತಕದ್ದನ್ನು ಬಿಟ್ಟು ನನ್ನದೇ ಬರೆದೆ: 'ನನ್ನ ಅಜ್ಜಿ ಲೋಕಮ್ಮ ಕುಪ್ಪಗಡ್ಡೆಯವರು. ಈಗ ಎಪ್ಪತ್ತೆಂಟು ವರ್ಷ. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕುತ್ತಾ ಅವರು ಮುಯ್ಯಿಯ ವಿಚಾರ ಹೇಳುತ್ತಿದ್ದರು...' ಓದಿಕೊಂಡು ನನಗೇ ಕಣ್ಣು ತುಂಬಿತು. ವಸಂತನ ಬಸ್ಸಿಗೆ ಕೊಟ್ಟು ಕಳಿಸಿದೆ. ಕಾಗದಗಳು ಡ್ರೈವರ್ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಸೊರಬಕ್ಕೂ ಶಿಕಾರಿಪುರಕ್ಕೂ ಓಡಾಡುತ್ತಿವೆ.

ಜನವರಿ 10

ಕೊಟ್ಟಾಯಿತು! ಕೊನೆಯ ಮೂರು ದಿನ ಟಿವಿ ನೋಡುತ್ತಲೇ ನಕಲು ಮಾಡಿದೆ. ಕೈ ಬರೆಯುತ್ತಿತ್ತು, ಕಣ್ಣು ಸೀರಿಯಲ್ ಮೇಲಿತ್ತು. ಏನು ಬರೆದೆನೆಂದು ಕೇಳಿದರೆ ದೇವರಾಣೆಗೂ ಗೊತ್ತಿಲ್ಲ. ಆದರೆ ಅಕ್ಷರ ಮುತ್ತಿನ ಹಾಗಿದೆ. ಹಾಲ್ ಟಿಕೆಟ್ಟೇ, ಬಾ ಬಾ!

ಫೆಬ್ರವರಿ 6

ಬಂದಿದ್ದು ಹಾಲ್ ಟಿಕೆಟ್ ಅಲ್ಲ, ನೋಟೀಸು.

'ತಮ್ಮ ಮತ್ತು ಇತರ ಮೂವರ ಅಸೈನ್‌ಮೆಂಟ್‌ಗಳು ಒಂದೇ ಆಗಿರುತ್ತವೆ. ಮಾರ್ಚ್ 3ರಂದು ಖುದ್ದು ಹಾಜರಾಗಿ ವಿವರಣೆ ನೀಡುವುದು ಮತ್ತು ಮೌಖಿಕ ಪರೀಕ್ಷೆಗೆ ಒಳಗಾಗುವುದು. ತಪ್ಪಿದಲ್ಲಿ ಹಾಲ್ ಟಿಕೆಟ್ ನೀಡಲಾಗುವುದಿಲ್ಲ.' ಜೊತೆಗೆ ನನ್ನ ಉತ್ತರದ ಜೆರಾಕ್ಸು. ಅಂಚಿನಲ್ಲಿ ಶಿವರಾಮ ಸರ್ ಕೈಬರಹ: 'ನಾಲ್ವರು ವಿದ್ಯಾರ್ಥಿಗಳಿಗೂ ಲೋಕಮ್ಮ ಎಂಬ ಒಬ್ಬರೇ ಅಜ್ಜಿಯೇ? ನಾಲ್ವರಿಗೂ ಅವರೇ ಜಡೆ ಹಾಕಿದರೇ?'

ಅಯ್ಯೋ ದೇವರೇ! ರಾಜಪ್ಪನವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಕೂಗಾಡಿದೆ. "ಅಲ್ರೀ, ಬರೀಬೇಕಾದ್ರೆ ಒಂದು ಸಲ ಓದೋದಲ್ವೇನ್ರೀ? ನಿಮಗೆ ಐವತ್ತೈದು, ನಿಮ್ಮ ಅಜ್ಜಿಗೆ ಎಪ್ಪತ್ತೆಂಟಾ?"

"ನೀ ಬರ್ದಿದ್ದೆ, ನಾ ಬರ್ದೆ ತಾಯಿ. ಜಡಿ ಅಂತ ಇತ್ತು, ಜಡಿ ಅಂತ ಬರ್ದೆ. ನಾ ಅದ್ರಾಗ ನನ್ ತೆಲಿ ಯಾಕ್ ನೋಡ್ಕಳ್ಳಿ?"

ವಸಂತನದೂ ಅದೇ ಕಥೆ. ಅವನಿಗೂ ಜಡೆ. ರೋಜಾ ಒಬ್ಬಳು, "ನಂಗಾದ್ರೆ ಜಡೆ ಇದೆ ಮಾರಾಯ್ತಿ, ನಾನು ಬಚಾವ್" ಎಂದು ನಕ್ಕಳು. ನಕ್ಕವಳೇ ಅತ್ತುಬಿಟ್ಟಳು. ನಾನೂ ಅತ್ತೆ.

ಫೆಬ್ರವರಿ 7

ಏನೂ ಬರೆಯಲು ಮನಸ್ಸಿಲ್ಲ. ನಕಲು ಮಾಡಿದೆವಾ? ಹೌದು ಅಂತ ಒಪ್ಪಲು ಮನಸ್ಸು ಬರುವುದಿಲ್ಲ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ.

ಫೆಬ್ರವರಿ 9, ಭಾನುವಾರ

ಸುದ್ದಿ ಕುಪ್ಪಗಡ್ಡೆಗೆ ಮುಟ್ಟಿದೆ. ನಿನ್ನೆ ಅಜ್ಜಿಯದೇ ಫೋನು. "ಏನೇ ವಾಣೀ, ನಂಗೆ ಮೂರು ಮೊಮ್ಮಕ್ಳು ಹೆಚ್ಗೆ ಹುಟ್ಟಿದಾವಂತೆ? ಮುಖ ತೋರ್ಸೋದಿಲ್ವನೇ? ಕರ್ಕಂಬಾ ನಾಳೆ."

ನಾಲ್ವರೂ ಹೋದೆವು. ಅಜ್ಜಿ ರಾಜಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಡಿ ಎಲ್ಲಿತ್ತು ಪಾಪ! "ನಿಂಗೆ ಜಡೆ ಹಾಕಕೆ ಕೂದ್ಲೇ ಇಲ್ವಲ್ಲ ಮಗಾ" ಎಂದು ಹೇಳಿ, ಕೊಬ್ಬರಿ ಎಣ್ಣೆ ತಂದು ಅವರ ಬೋಳು ತಲೆಗೆ ತಟ್ಟಿದಳು. ಊರಿನಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುವ ಮನುಷ್ಯ ಕಣ್ಣುಮುಚ್ಚಿ ಮಗುವಿನ ಹಾಗೆ ಕೂತಿದ್ದರು. ರೋಜಾ, ವಸಂತ ಬಿದ್ದು ಬಿದ್ದು ನಕ್ಕರು, ಆಮೇಲೆ ಅವರ ತಲೆಗೂ ಎಣ್ಣೆ ಬಿತ್ತು.

ನಾನು ನ್ಯಾಯ ಹೇಳಲು ಹೋದೆ. "ನಾವು ಮಾಡಿದ್ದು ಮುಯ್ಯಿ ಅಜ್ಜಿ, ಕಳ್ಳತನ ಅಲ್ಲ."

ಅಜ್ಜಿಗೆ ಎಲ್ಲಿತ್ತೋ ಸಿಟ್ಟು. "ಮುಯ್ಯಿ ಅಂತ ಹೇಳಿ ಅದ್ರ ಮಾನ ಕಳೀಬ್ಯಾಡ. ಮುಯ್ಯಾಳು ಬಂದ ದಿನ ಗದ್ದೆ ಯಜಮಾನಿ ಮನೇಲಿ ಮಲ್ಕಂಡಿರ್ತಾಳನೇ? ಅವ್ಳೇ ಮೊದ್ಲು ಗದ್ದೆಗಿಳೀತಾಳೆ, ಎಲ್ಲರಿಗಿಂತ ಕಡೀಗೆ ಮೇಲೆ ಬರ್ತಾಳೆ. ನಿಮ್ಮಲ್ಲಿ ಒಬ್ರಾದ್ರೂ ಇಳಿದಿದ್ರನೇ?"

ನನಗೂ ರೇಗಿತು. "ನಿನಗೆ ಬಿ.ಎ. ಅಂದ್ರೆ ಗೊತ್ತಾ?" ಎಂದುಬಿಟ್ಟೆ. "ಗೊತ್ತಿಲ್ಲ. ಗದ್ದೆ ಗೊತ್ತು" ಎಂದು ಅವಳು ಊಟಕ್ಕೆ ಎಲೆ ಹಾಕಿದಳು. ಸಿಟ್ಟಿನಲ್ಲೇ ಮೂರು ಸಲ ಸಾರು ಹಾಕಿಸಿಕೊಂಡೆ. ಬಸ್ಸಿನಲ್ಲಿ ಬರುತ್ತಾ ಸೊರಬ ಮುಟ್ಟಿದಾಗ ರೋಜಾ, "ಹಂಗಾದ್ರೆ ಇಳಿಯೋಣ ಬಾ" ಎಂದಳು. ಬಸ್ಸಿನಿಂದಲ್ಲ, ಗದ್ದೆಗೆ.

ಫೆಬ್ರವರಿ 16, ಭಾನುವಾರ

ಶಾಲೆಯ ಬೀಗದ ಕೈ ಕೊಡಲು ರಮಾಬಾಯಿ ಮೇಡಂ ಒಪ್ಪಿದರು! ನಾಲ್ಕು ಊರಿನ ಬಸ್ಸೂ ಶಿರಾಳಕೊಪ್ಪಕ್ಕೆ ಬರುತ್ತದೆ, ಹಾಗಾಗಿ ನನ್ನ ಎಲ್‌ಕೆಜಿ ಕೋಣೆಯೇ ನಮ್ಮ ಕಾಲೇಜು. ಹೊಸ ಮುಯ್ಯಿ: ಯಾರು ಯಾವ ವಿಷಯ ಬರೆದಿದ್ದರೋ ಅವರು ಅದನ್ನು ಉಳಿದವರಿಗೆ ಕಲಿಸಬೇಕು. ಅರ್ಥವಾಗುವವರೆಗೆ ಬಿಡುವ ಹಾಗಿಲ್ಲ.

ರಾಜಪ್ಪನವರು ಮಕ್ಕಳ ಕೆಂಪು ಕುರ್ಚಿಯಲ್ಲಿ ಕೂತರು. ಏಳುವಾಗ ಕುರ್ಚಿಯೂ ಅವರ ಜೊತೆ ಎದ್ದಿತು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಮೊದಲ ಪಾಠ ರೋಜಾಳದು. ಬೋರ್ಡಿನ ಮುಂದೆ ನಿಂತವಳೇ ಬೆವರಿ ಪುಸ್ತಕದ ಸಾಲನ್ನೇ ಗಿಳಿಯ ಹಾಗೆ ಒಪ್ಪಿಸತೊಡಗಿದಳು. "ರೋಜಾ, ಪುಸ್ತಕ ಮುಚ್ಚು. ನಿನ್ನ ಅಂಗಡೀಲಿ ಬಳೆ ರೇಟು ಜಾಸ್ತಿ ಮಾಡಿದ್ರೆ ಏನಾಗತ್ತೆ ಹೇಳು" ಎಂದೆ. ಮಕ್ಕಳಿಗಾದರೂ ನಾನು ಹಾಗೇ ಮಾಡುವುದು, ಗೊತ್ತಿರುವುದರಿಂದ ಶುರು ಮಾಡಿಸುವುದು.

"ಯಾವ ತಿಂಗ್ಳು ಅಂತ ಹೇಳು ಮೊದ್ಲು" ಎಂದಳು ಅವಳು. "ಶ್ರಾವಣದಲ್ಲಿ ಡಬಲ್ ಮಾಡಿದ್ರೂ ತಗಂತಾರೆ, ಮಂಗಳಗೌರಿಗೆ ಬಳೆ ಬೇಕೇ ಬೇಕು. ಆಷಾಢದಲ್ಲಿ ಒಂದ್ ರೂಪಾಯಿ ಏರ್ಸಿ ನೋಡು, ಅಂಗಡಿ ಕಡೆ ತಿರುಗೂ ನೋಡಲ್ಲ."

"ಅದೇ! ಅದೇ ಸ್ಥಿತಿಸ್ಥಾಪಕತ್ವ!" ಎಂದು ವಸಂತ ಕುರ್ಚಿ ಬೀಳಿಸಿ ಎದ್ದ. ಇಷ್ಟು ವರ್ಷ ರೋಜಾ ಅಂಗಡಿಯಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು, ಅದೇ ಇದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ! ನನ್ನ ಮೈ ಜುಮ್ಮೆಂದಿತು. ಡಿಸೆಂಬರಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮೀನಿನ ಮುಳ್ಳು ಹೋದ ಹಾಗಾಯಿತು.

ಫೆಬ್ರವರಿ 23, ಭಾನುವಾರ

ರಾಜಪ್ಪನವರ ಇತಿಹಾಸ. ಇಸವಿ ಎಲ್ಲ ತಲೆಕೆಳಗು. ಹಳೇ ಅಭ್ಯಾಸ, ಕೈ ಕಟ್ಟಿ ಬಾಯಿ ಮೇಲೆ ಬೆರಳಿಡಿ ಎಂದು ಗದರಿದೆ. ಪಾಪ, ಇಟ್ಟರು. ಸರಿಯಾಗಿ ಹೇಳಿದ ಮೇಲೆ ಮಕ್ಕಳಿಗೆ ಅಂಟಿಸುವ ಬಂಗಾರದ ಸ್ಟಾರ್ ಅವರ ಕೈಗೂ ಅಂಟಿಸಿದೆ. ಮನೆಗೆ ಹೋಗಿ ಹೆಂಡತಿಗೆ ತೋರಿಸಿದರಂತೆ, ಸ್ನಾನ ಮಾಡುವಾಗ ಕೈ ಹೊರಗಿಟ್ಟುಕೊಂಡಿದ್ದರಂತೆ.

ಬಸ್ಸಿನಲ್ಲಿ ವಸಂತ ಟಾಂಟಾಂ ಹೊಡೆದು ಇನ್ನೂ ಮೂವರನ್ನು ಎಳೆದುಕೊಂಡು ಬಂದಿದ್ದ. ಅವರೂ ನೀಲಿ ಪುಸ್ತಕದವರೇ. ಒಬ್ಬಾಕೆ, ನಾಗರಾಜ್ ಎನ್ನುವ ಪಿಗ್ಮಿ ಏಜೆಂಟರ ಹೆಂಡತಿ, ಹಿಂದಿನ ಸಾಲಲ್ಲಿ ಮುದುಡಿ ಕೂತಿದ್ದರು. ಏನು ಕೇಳಿದರೂ "ಅರ್ಥ ಆಯ್ತು" ಎನ್ನುತ್ತಿದ್ದರು. ಆಗಿಲ್ಲ ಅಂತ ನನಗೆ ಅವರ ಹುಬ್ಬಿನಲ್ಲೇ ಗೊತ್ತಾಯಿತು. ಪಕ್ಕದಲ್ಲಿ ಕೂತು ಮತ್ತೆ ಹೇಳಿದೆ. ಫೋನಿಗೆ ನಮ್ಮ ಹುಬ್ಬು ಎಲ್ಲಿ ಕಾಣಿಸಬೇಕು.

ಮಾರ್ಚ್ 2

ನಾಳೆ ಶಿಕಾರಿಪುರದಲ್ಲಿ ಹಾಜರಾಗಬೇಕು. ಅತ್ತೆ ದೃಷ್ಟಿ ತೆಗೆದರು. ನಮ್ಮವರು, "ನಿಜ ಹೇಳ್ಬಿಡು, ನಿಜಕ್ಕೆ ನೆನಪಿಟ್ಕಳ್ಳೋ ಕಷ್ಟ ಇಲ್ಲ" ಎಂದರು.

ಮಾರ್ಚ್ 3, ಸೋಮವಾರ

ಎಲ್ಲಿಂದ ಶುರು ಮಾಡಲಿ! ಅಕ್ಷರ ಕಾಗೆಕಾಲು ಆಗುತ್ತಿದೆ, ಆಗಲಿ.

ಶಿಕಾರಿಪುರದ ಕೇಂದ್ರದ ಹೊರಗೆ ಬೆಂಚಿನ ಮೇಲೆ ನಾಲ್ವರೂ ಕೂತೆವು. ಒಳಗೆ ಹೋಗಿ ಬಂದವರು ಉಳಿದವರ ಜೊತೆ ಮಾತಾಡುವ ಹಾಗಿಲ್ಲವೆಂದು ಅಟೆಂಡರ್ ಕೆಂಪಪ್ಪನವರು ನಮ್ಮನ್ನೇ ಕಾಯುತ್ತಿದ್ದರು. ಮೊದಲು ರಾಜಪ್ಪನವರು ಹೋದರು. ತುಂಬಾ ಹೊತ್ತಾದ ಮೇಲೆ ತುಟಿ ಕಚ್ಚಿಕೊಂಡು ಹೊರಬಂದರು. ರೋಜಾ ಕಣ್ಣೊರೆಸಿಕೊಂಡು ಬಂದಳು, ಅಳುವೋ ನಗುವೋ ಗೊತ್ತಾಗಲಿಲ್ಲ. ವಸಂತ ನೆಲ ನೋಡುತ್ತಾ ಬಂದ. ಈಗ ನನ್ನ ಸರದಿ.

ಒಳಗೆ ಅದೇ ಹಸಿರು ಗೋಡೆ, ಅದೇ ಟ್ಯೂಬ್‌ಲೈಟ್. ಶಿವರಾಮ ಸರ್ ವಿಡಿಯೋದಲ್ಲಿ ಕಾಣುವುದಕ್ಕಿಂತ ಕುಳ್ಳಗೆ, ತೆಳ್ಳಗೆ. ಮೇಜಿನ ಮೇಲೆ ಅಸೈನ್‌ಮೆಂಟ್‌ಗಳ ಗುಡ್ಡ. ನಾನು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಮುಯ್ಯಿ, ಬಸ್ಸು, ಟಿವಿ ನೋಡುತ್ತಾ ಬರೆದದ್ದು, ಅಜ್ಜಿ ಬೈದದ್ದು, ಒಂದನ್ನೂ ಬಿಡಲಿಲ್ಲ.

"ಓದದೆ ನಕಲು ಮಾಡಿದ್ದು ತಪ್ಪು. ಗೊತ್ತಾ?"

"ಗೊತ್ತು ಸರ್."

"ಸ್ಥಿತಿಸ್ಥಾಪಕತ್ವ ಅಂದ್ರೇನು? ಹೇಳಿ."

ಶ್ರಾವಣ, ಆಷಾಢ, ಬಳೆ, ಮಂಗಳಗೌರಿ, ಎಲ್ಲ ಹೇಳಿದೆ. ಅವರ ಪೆನ್ನು ನಿಂತಿತು. ಇತಿಹಾಸ ಕೇಳಿದರು, ಹೇಳಿದೆ. ಆಮೇಲೆ ರಾಜ್ಯಶಾಸ್ತ್ರದಲ್ಲಿ ಎರಡು ಸದನ ಯಾಕೆ ಬೇಕು ಎಂದರು. ವಸಂತ ಹೇಳಿಕೊಟ್ಟಿದ್ದ, ಆದರೆ ತಲೆಗೆ ಪೂರ್ತಿ ಹತ್ತಿರಲಿಲ್ಲ.

"ಗೊತ್ತಿಲ್ಲ ಸರ್. ಅದು ನನಗೆ ಅರ್ಥವೇ ಆಗಿಲ್ಲ."

ಮುಗಿಯಿತು, ಆಯಾ ಕೆಲಸವೇ ಗತಿ ಎಂದುಕೊಂಡೆ. ಅವರು ಪೆನ್ನು ಕೆಳಗಿಟ್ಟು ವಿಡಿಯೋದಲ್ಲಿ ಹೇಳಿದ್ದನ್ನೇ ಅದೇ ಉಸಿರಿನಲ್ಲಿ ಹೇಳಿ, "ಅರ್ಥವಾಯಿತಲ್ಲವೇ?" ಎಂದರು. ಹೇಳಿ ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ನೋಡುತ್ತಾ ಕೂತರು.

"ಇಲ್ಲ ಸರ್."

ಅವರು ಬೆಚ್ಚಿದರು. ನಿಜವಾಗಿ ಬೆಚ್ಚಿಬಿದ್ದರು! ಆಮೇಲೆ ಮೆಲ್ಲಗೆ, "ಎಲ್ಲಿ ಅರ್ಥ ಆಗಿಲ್ಲಮ್ಮ?" ಎಂದರು.

ಈ ಮೂರು ವರ್ಷದಲ್ಲಿ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಎಲ್ಲಿ ಅಂತ ಹೇಳಿದೆ. ಅವರು ಎದ್ದು ಚಾಕ್‌ಪೀಸ್ ಹುಡುಕಿದರು, ಸಿಗಲಿಲ್ಲ. ನನ್ನ ಬ್ಯಾಗಿನಲ್ಲಿ ಇತ್ತು, ಎಲ್‌ಕೆಜಿ ಮಿಸ್ ಬ್ಯಾಗಿನಲ್ಲಿ ಇಲ್ಲದೆ ಇರುತ್ತದೆಯೇ! "ಮನೇಲಿ ಹಾಲು ಕಾಸೋದು ಒಬ್ರು, ಸೋಸೋದು ಇನ್ನೊಬ್ರು ಅಂತಿಟ್ಕೊಳ್ಳಿ..." ಎಂದು ಗೋಡೆಯ ಮೇಲೇ ಬರೆಯತೊಡಗಿದರು. ಮತ್ತೆ ಅಡ್ಡ ಪ್ರಶ್ನೆ ಹಾಕಿದೆ, ಮತ್ತೆ ಹೇಳಿದರು. ಅವರ ಅಂಗಿಯೆಲ್ಲ ಸೀಮೆಸುಣ್ಣ. ಕೊನೆಗೆ "ಆಯ್ತು ಸರ್! ಈಗ ಆಯ್ತು!" ಎಂದಾಗ ಅವರ ಮುಖ ನೋಡಬೇಕಿತ್ತು. ಸ್ಟಾರ್ ಅಂಟಿಸಿಕೊಂಡ ರಾಜಪ್ಪನವರ ಮುಖವೇ.

"ನಾಲ್ಕು ವರ್ಷದಿಂದ ಫೋನ್ ಮುಂದೆ ನಿಂತು ಕೇಳ್ತಾ ಇದೀನಮ್ಮ, ಅರ್ಥ ಆಯ್ತಾ ಅಂತ" ಎಂದರು. "ಇಲ್ಲ ಅಂತ ಹೇಳಿದ್ದು ನೀವೇ ಮೊದಲು. ನಿಮ್ಮ ಯಾರ ಮುಖವೂ ನಂಗೊತ್ತಿಲ್ಲ. ಪೇಪರ್ ಮಾತ್ರ ಬರುತ್ತೆ, ನಂಬರ್ ಹಾಕಿ ಕಳಿಸ್ತೀನಿ." ಮತ್ತೆ ಕೂತು ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡರು. "ಕೊನೇ ಪ್ರಶ್ನೆ. ನಾಲ್ವರಿಗೂ ಇದೇ ಕೇಳಿದೀನಿ. ನಿಮ್ಮ ಅಜ್ಜಿ ಹೆಸರೇನು?"

"ಲೋಕಮ್ಮ ಸರ್. ನನಗೆ ಮಾತ್ರ ಅವರು ನಿಜವಾಗಿ..."

ಅವರು ಕೈ ಎತ್ತಿ ತಡೆದರು. ಹೆಗಲು ಕುಲುಕುತ್ತಿತ್ತು. ತಡೆಯಲಾರದೆ ಗಹಗಹಿಸಿ ನಕ್ಕುಬಿಟ್ಟರು. ಕೆಂಪಪ್ಪನವರು ಗಾಬರಿಯಾಗಿ ಬಾಗಿಲು ತೆರೆದರು, ಹಿಂದೆಯೇ ಮೂವರೂ ಇಣುಕಿದರು.

"ಈ ಹುಡುಗಿ ಲೋಕಮ್ಮ ಅಂದ್ಳು, ಆ ಹುಡುಗನೂ ಲೋಕಮ್ಮ ಅಂದ. ಈ ಹಿರಿಯರಾದ್ರೂ ನಿಜ ಹೇಳ್ತಾರೆ ಅಂತ ನಾನು ಇವರನ್ನೇ ಮೊದಲು ಕರೆದಿದ್ದು. ಏನಂದ್ರು ಗೊತ್ತಾ?"

"ನಿಜನೇ ಹೇಳೀನಿ ಸಾರ್" ಎಂದು ರಾಜಪ್ಪನವರು ಬಾಗಿಲಿಂದಲೇ ತಲೆ ಬಗ್ಗಿಸಿ ತೋರಿಸಿದರು. "ಲೋಕಮ್ಮನೇ ನಮ್ಮಜ್ಜಿ. ನಿನ್ನೆನೂ ಹೋಗಿದ್ದೆ, ಎಣ್ಣಿ ಹಚ್ಚಿ ಕಳ್ಸ್ಯಾಳ, ಬೇಕಾದ್ರ ಮುಟ್ಟಿ ನೋಡ್ರಿ."

ರೋಜಾ ನನ್ನ ಹೆಗಲ ಮೇಲೆ ಬಿದ್ದು ನಕ್ಕಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಶಿಕ್ಷೆಯೇನೂ ತಪ್ಪಲಿಲ್ಲ. ನಕಲು ಮಾಡಿದ ಉತ್ತರಗಳಿಗೆ ಸೊನ್ನೆ. ಒಂದು ವಾರದಲ್ಲಿ ನಾಲ್ಕು ವಿಷಯವನ್ನೂ ಸ್ವಂತ ಮಾತಿನಲ್ಲಿ ಬರೆದು ಕೊಡಬೇಕು, ಆಮೇಲೆ ಹಾಲ್ ಟಿಕೆಟ್. "ಈ ಸಲ ಅವರವರ ಅಜ್ಜಿ ಬರ್ಲಿ" ಎಂದರು ಸರ್. ರಾಜಪ್ಪನವರಿಗೆ ಅವರ ಸ್ವಂತ ಅಜ್ಜಿಯ ಹೆಸರೇ ನೆನಪಿಲ್ಲ! ಬಸ್ ಸ್ಟ್ಯಾಂಡಿನಲ್ಲಿ ನಿಂತು ತಮ್ಮ ಸೋದರತ್ತೆಗೆ ಫೋನ್ ಮಾಡಿ ಕೇಳುತ್ತಿದ್ದರು.

ಮಾರ್ಚ್ 20

ಹಾಲ್ ಟಿಕೆಟ್!!! ನನ್ನ ಫೋಟೋ ಕಳ್ಳಿಯ ಹಾಗೆ ಬಂದಿದೆ, ಬರಲಿ. ದೇವರ ಮುಂದಿಟ್ಟು, ಅತ್ತೆಯ ಕಾಲಿಗೆ ಬಿದ್ದು, ಶಾಲೆಗೆ ಓಡಿದೆ. ರಮಾಬಾಯಿ ಮೇಡಂ ಅದನ್ನು ಸರಿಯಾಗಿ ನೋಡಲೂ ಇಲ್ಲ. "ಗೊತ್ತಾಯ್ತು ಹೋಗು, ಮಕ್ಕಳು ಕಾಯ್ತಾ ಇದಾವೆ. ಅಂದಹಾಗೆ ಭಾನುವಾರ ಬಂದೋರು ಕುರ್ಚಿ ಮುರೀಬಾರ್ದು ಅಂತ ಹೇಳು" ಎಂದರು. ಅಷ್ಟೇ! ಇಷ್ಟೊಂದು ಪಾಡುಪಟ್ಟಿದ್ದಕ್ಕೆ ಒಂದು ಲಡ್ಡು ಆದರೂ ಕೊಡಬಾರದಾ?

ಏಪ್ರಿಲ್ 6, ಭಾನುವಾರ

ಡೈರಿ ಮುಟ್ಟಲೂ ಪುರಸೊತ್ತಿಲ್ಲ. ಪರೀಕ್ಷೆಗೆ ಇನ್ನು ಎರಡೇ ವಾರ. ಇವತ್ತು ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆನವಟ್ಟಿಯಿಂದಲೂ ಜನ ಬಂದಿದ್ದರು. ವಸಂತನ ಬಸ್ಸಿನಿಂದ ಶಿವರಾಮ ಸರ್ ಇಳಿದರು! ಕೈಯಲ್ಲಿ ಒಂದು ಡಬ್ಬ ಚಾಕ್‌ಪೀಸು. ನಾನು ಗಾಬರಿಯಾಗಿ ಬೋರ್ಡು ಬಿಟ್ಟುಕೊಡಲು ಹೋದೆ. "ಬೇಡಮ್ಮ, ನೀವು ಮುಂದುವರಿಸಿ, ಆಮೇಲೆ ನಾನು ಮಾಡ್ತೀನಿ" ಎಂದು ಹಿಂದಿನ ಸಾಲಿನ ಹಳದಿ ಕುರ್ಚಿಯಲ್ಲಿ ಮೊಣಕಾಲು ಎದೆಗೆ ಮುಟ್ಟಿಸಿಕೊಂಡು ಕೂತರು.

ಸಮಾಜಶಾಸ್ತ್ರ ಹೇಳುತ್ತಾ ಹೋದೆ. ಮಧ್ಯದಲ್ಲಿ ಅವರ ತೋರುಬೆರಳು ಮೇಲೆದ್ದಿತು, ನನ್ನ ಮಕ್ಕಳು ಎತ್ತುವ ಹಾಗೆಯೇ. "ಮಿಸ್, ಅದೊಂದು ಅರ್ಥ ಆಗ್ಲಿಲ್ಲ." ಎಲ್ಲರೂ ಹೋ ಎಂದು ನಕ್ಕರು. ನನಗೆ ನಗಲು ಸಮಯವೆಲ್ಲಿ, ಎಲ್ಲಿ ಅರ್ಥ ಆಗಿಲ್ಲ ಎಂದು ಕೇಳಿ, ಹತ್ತಿರ ಹೋಗಿ ಮೊದಲಿಂದ ಹೇಳಿದೆ. ಪಿಗ್ಮಿ ನಾಗರಾಜ್ ಹೆಂಡತಿ ಇವತ್ತು ಬಾಯಿಬಿಟ್ಟು ಮೂರು ಪ್ರಶ್ನೆ ಕೇಳಿದರು, ಅವರಿಗೂ ಹೇಳಿದೆ. ಆನವಟ್ಟಿಯವರು ಬಸ್ಸು ಹತ್ತುವವರೆಗೂ ಬಿಡಲಿಲ್ಲ. ಮನೆಗೆ ಬಂದರೆ ಅತ್ತೆ, "ಫೋನ್ ಮ್ಯಾಲ್ ಫೋನ್ ಬರ್ತಾವೆ ಕಣವ್ವಾ, ಎಲ್ಲಾ ಮಿಸ್ ಇದಾರಾ, ಮಿಸ್ ಇದಾರಾ ಅಂತಾರೆ" ಎಂದರು.

ನನ್ನ ಪುಸ್ತಕ ಮೂರು ದಿನದಿಂದ ತೆರೆದಲ್ಲೇ ಇದೆ. ಹೀಗೆ ಊರೂರಿನವರಿಗೆಲ್ಲ ಪಾಠ ಹೇಳಿಕೊಂಡು ಕೂತರೆ ನಾನು ಓದುವುದು ಯಾವಾಗ, ಪಾಸಾಗುವುದು ಯಾವಾಗ, ಟೀಚರ್ ಆಗುವುದು ಯಾವಾಗ, ನೀವೇ ಹೇಳಿ!